ಸ್ಮಾರ್ಟ್ ಬೋರ್ಡಿಗೆ ಆಯುಧಪೂಜೆ

ಇಂದಿನ ಮಕ್ಕಳು ಮೊಬೈಲಿನ ಬೆಳಕಿನಲ್ಲೇ ಕಣ್ಣು ಬಿಟ್ಟವರಾದ್ದರಿಂದ ಅವರಿಗೆ ಹಳೆಯ ಕ್ರಮದಲ್ಲಿ ಪಾಠ ಹೇಳುವುದು ಸಲ್ಲದು ಎಂಬ ಸತ್ಯವನ್ನು ಮಂಡ್ಯ ಸೀಮೆಯ ಮೇಷ್ಟ್ರುಗಳಿಗೆ ಮನದಟ್ಟು ಮಾಡಿಸುವ ತರಬೇತಿಗಳನ್ನು ಕಣ್ಣಾರೆ ಕಾಣದವರು ಶಿಕ್ಷಣ ಸುಧಾರಣೆಯ ಬಗ್ಗೆ ಬಾಯಿ ತೆರೆಯದಿರುವುದೇ ಲೇಸು. ಅಲ್ಲಿ ಸಂಪನ್ಮೂಲ ವ್ಯಕ್ತಿಗಳು ಗೋಡೆಯ ಮೇಲೆ ಮೂಡಿದ ಸ್ಲೈಡುಗಳನ್ನು ಒಂದಕ್ಷರವೂ ಬಿಡದಂತೆ ಗಟ್ಟಿಯಾಗಿ ಓದುತ್ತಾರೆ. ಮಕ್ಕಳನ್ನು ಒಂದೇ ಕಡೆ ಕೂರಿಸಿ ದೀರ್ಘ ಭಾಷಣ ಮಾಡಬಾರದು ಎಂಬ ಸ್ಲೈಡು ಮಧ್ಯಾಹ್ನದ ಮುದ್ದೆ ಊಟವಾದ ಮೇಲೆ, ಭಾಷಣದ ಮೂರನೆಯ ಗಂಟೆಯಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಹಿಂದಿನ ಸಾಲಿನವರು ಮೇಜಿನ ಕೆಳಗೆ ರೀಲ್ಸ್ ನೋಡುತ್ತ, ಡಿಜಿಟಲ್ ಪೀಳಿಗೆಯ ಮನಃಸ್ಥಿತಿಯನ್ನು ಸ್ವಾನುಭವದಿಂದ ಅರಿತುಕೊಳ್ಳುತ್ತಿರುತ್ತಾರೆ.

ಅಮೆರಿಕದ ಶಿಕ್ಷಣ ಲೇಖಕ ಮಾರ್ಕ್ ಪ್ರೆನ್ಸ್ಕಿ 2001ರಲ್ಲಿ ಇಂತಹ ಮಕ್ಕಳನ್ನು ಡಿಜಿಟಲ್ ಲೋಕದ ಮೂಲನಿವಾಸಿಗಳೆಂದೂ, ಅವರಿಗೆ ಕಲಿಸುವವರನ್ನು ವಲಸಿಗರೆಂದೂ ಕರೆದರು. ಈ ವರ್ಗೀಕರಣವನ್ನು ನಾವು ಇಂದಿಗೂ ಶ್ರದ್ಧೆಯಿಂದ ಪಾಲಿಸುತ್ತಿದ್ದೇವೆ. ಆ ವರ್ಷ ಹುಟ್ಟಿದ ಮಗು ಈಗ ಬಿ.ಎಡ್. ಮುಗಿಸಿ ಅತಿಥಿ ಶಿಕ್ಷಕಿಯಾಗಿ ಅದೇ ತರಬೇತಿಯಲ್ಲಿ ಕುಳಿತಿರಬಹುದು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಕ್ಷಣದಿಂದ ಆಕೆಯೂ ವಲಸಿಗಳೇ.

ತರಬೇತಿ ಮುಗಿಸಿ ಶಾಲೆಗೆ ಮರಳಿದವರನ್ನು ಸ್ಮಾರ್ಟ್ ಬೋರ್ಡು ಸ್ವಾಗತಿಸುತ್ತದೆ, ಅಂದರೆ ಅದರ ಮೇಲೆ ಹೊದಿಸಿದ ಹೂವಿನ ಚಿತ್ತಾರದ ಬಟ್ಟೆ ಸ್ವಾಗತಿಸುತ್ತದೆ. ಮಕ್ಕಳು ಮುಟ್ಟಿದರೆ ಕೆಡುತ್ತದೆಂಬ ಮುಂದಾಲೋಚನೆಯಿಂದ, ಮುಟ್ಟಿ ಕಲಿಯಲೆಂದೇ ತಯಾರಾದ ಈ ಉಪಕರಣದ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಬೀರುವಿನಲ್ಲಿಟ್ಟು, ಬೀರುವಿಗೂ ಬೀಗ ಜಡಿಯಲಾಗಿದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುವುದರಿಂದ ಅದು ನಿರುಪಯುಕ್ತವೆಂದು ಯಾರೂ ದೂರುವಂತಿಲ್ಲ. ಇನ್ನು ಕರೆಂಟಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಚರಿತ್ರೆ ಉಜ್ವಲವಾದುದು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ಕಥೆಯನ್ನು ಬೋರ್ಡಿನ ಮೇಲೆ ತೋರಿಸಲು ಹೊರಟಾಗ ಕರೆಂಟು ಹೋದರೆ, ಅದು ಗಣಿಗೇ ಹೋಗಿರಬೇಕೆಂದು ಮಕ್ಕಳು ಊಹಿಸಿಕೊಳ್ಳಬಹುದು.

ಬೋರ್ಡು ಬಳಕೆಯಾಗುವುದೇ ಇಲ್ಲ ಎನ್ನುವುದು ಮಾತ್ರ ಅಪಪ್ರಚಾರ. ಮೇಲಿನವರು ಫೋಟೋ ಕೇಳಿದ ದಿನ ಬಟ್ಟೆ ಸರಿಯುತ್ತದೆ, ತಲೆ ಬಾಚಿಕೊಂಡ ಮಕ್ಕಳು ಮುಂದಿನ ಸಾಲಿಗೆ ಬರುತ್ತಾರೆ, ಒಬ್ಬಳು ಬೋರ್ಡಿನತ್ತ ಬೆರಳು ಚಾಚುತ್ತಾಳೆ, ಮುಟ್ಟುವುದಿಲ್ಲ. ಅಕ್ಷಾಂಶ ರೇಖಾಂಶ ಸಮೇತ ಚಿತ್ರ ವಾಟ್ಸಾಪ್ ಗುಂಪಿಗೆ ಸೇರಿದೊಡನೆ ಆ ದಿನದ ಕಲಿಕೆ ಸಂಪನ್ನವಾಗುತ್ತದೆ.

ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಕೆಲವು ಮೇಷ್ಟ್ರುಗಳು ನಲಿ-ಕಲಿ ಎಂಬ ಪದ್ಧತಿ ಆರಂಭಿಸಿ, ಮಕ್ಕಳನ್ನು ಗುಂಪಾಗಿ ನೆಲದ ಮೇಲೆ ಕೂರಿಸಿ, ಕಾರ್ಡುಗಳನ್ನು ಕೈಗೆ ಕೊಟ್ಟು, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕೆಯ ಏಣಿ ಹತ್ತುವಂತೆ ಮಾಡಿದ್ದರು. ಪ್ರತಿ ಮಗುವಿಗೂ ಅದರದೇ ವೇಗ ಎಂಬುದನ್ನೇ ಈಗ ಕಲಿಕಾ ಆ್ಯಪ್‌ಗಳು ನವನವೀನ ಆವಿಷ್ಕಾರವೆಂದು ಚಂದಾಕ್ಕೆ ಮಾರುತ್ತಿವೆ. ಆದರೆ ನಲಿ-ಕಲಿ ಕಾರ್ಡಿಗೆ ಪ್ಲಗ್ ಇರಲಿಲ್ಲ, ಉದ್ಘಾಟನೆಗೆ ಒತ್ತಲು ಸ್ವಿಚ್ಚೂ ಇರಲಿಲ್ಲ. ಅಂಥದ್ದನ್ನು ತಂತ್ರಜ್ಞಾನವೆಂದು ಯಾವ ವೇದಿಕೆಯಲ್ಲಿ ತಾನೇ ಒಪ್ಪಿಕೊಳ್ಳಲಾದೀತು?

ಬೋರ್ಡಿನ ಬಳಕೆಯ ಮಾಸಿಕ ವರದಿಯನ್ನು ಈಗ ಆನ್‌ಲೈನಿನಲ್ಲೇ ತುಂಬಬೇಕು. ‘ಮಕ್ಕಳ ಪ್ರತಿಕ್ರಿಯೆ’ ಎಂಬ ಅಂಕಣದಲ್ಲಿ ‘ಉತ್ತಮ’ ಮತ್ತು ‘ಅತ್ಯುತ್ತಮ’ ಎಂಬ ಎರಡೇ ಆಯ್ಕೆಗಳಿದ್ದು, ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ನೆಟ್‌ವರ್ಕ್ ಸಿಗದ ಶಾಲೆಯವರು ಅದನ್ನು ಕಾಗದದ ಮೇಲೆ ಬರೆದು, ಫೋಟೋ ತೆಗೆದು ಗುಂಪಿಗೆ ಕಳಿಸಿ, ಮೂಲವನ್ನು ದ್ವಿಪ್ರತಿಯಲ್ಲಿ ಸಂಜೆಯೊಳಗೆ ಮುದ್ದಾಂ ತಲುಪಿಸತಕ್ಕದ್ದು.