ಹದಿನೇಳರ ಹುಡುಗನ ಪ್ಯಾರಾ ಕಮಾಂಡೋ ಹಟ

ಪಿಯುಸಿ ಓದುತ್ತಿರುವ ಹುಡುಗನೊಬ್ಬ ವಿಮಾನದಿಂದ ಜಿಗಿಯುವ ಸೇನಾ ಕಮಾಂಡೋ ಪಡೆ ಪ್ಯಾರಾ ಸ್ಪೆಷಲ್ ಫೋರ್ಸಸ್‌ಗೇ (ಎಸ್‌ಎಫ್) ಹೋಗುತ್ತೇನೆಂದು ಹಟ ಹಿಡಿದು ಈಗಿನಿಂದಲೇ ತಯಾರಿಗೆ ಇಳಿದಿದ್ದಾನೆ. ಮನೆಯವರು, ಮೇಷ್ಟ್ರುಗಳು ಅವನ ಬೆನ್ನಿಗೆ ನಿಲ್ಲಬೇಕೇ? ಮೈದಾನದಲ್ಲಿ ಹುಡುಗರನ್ನು ತಯಾರು ಮಾಡುವ ಬೆಳಗಾವಿ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಹೌದು ಎನ್ನುತ್ತಾರೆ. ಅದೇ ಕಡೆಯ ಪಿಯು ಕಾಲೇಜಿನ ಉಪನ್ಯಾಸಕಿಯೊಬ್ಬರು ಬೇಡ ಎನ್ನುತ್ತಾರೆ.

ಪರ: ಓಡಲಿ ಬಿಡಿ

ನಮ್ಮ ಕಡೆ ಹುಡುಗ 'ಭರ್ತಿಗೆ ಹೊಂಟೀನಿ' ಅಂದರೆ ಸೇನೆಗೆ ಸೇರಲು ಹೊರಟ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದೇ ಹುಡುಗ 'ಪ್ಯಾರಾ ಎಸ್‌ಎಫ್‌ಗೆ ಹೋಗಾಂವ' ಅಂದರೆ ಕಟ್ಟೆ ಮೇಲೆ ಕೂತವರಿಗೆ ನಗು. "ಮೊದಲ ಮಿಲ್ಟ್ರಿ ಸೇರೋ ತಮ್ಮಾ, ವಿಮಾನದಿಂದ ಜಿಗಿಯೂದು ಆಮ್ಯಾಲೆ ನೋಡೂಣು!" ನಕ್ಕವರಲ್ಲಿ ಒಬ್ಬನೂ ಬೆಳಿಗ್ಗೆ ಐದಕ್ಕೆ ಎದ್ದು ಒಂದು ಕಿಲೋಮೀಟರ್ ಓಡಿದವನಲ್ಲ, ಆ ಮಾತು ಬೇರೆ.

ಮೊದಲು ವಯಸ್ಸಿನ ಲೆಕ್ಕ ನೋಡಿ. 2022ರ ಜೂನ್‌ನಲ್ಲಿ ಜವಾನರನ್ನು ನಾಲ್ಕು ವರ್ಷಕ್ಕೆಂದು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂದಾಗ ಹದಿನೇಳೂವರೆಯಿಂದ ಇಪ್ಪತ್ತೊಂದು ಎಂದು ಗೆರೆ ಎಳೆದರು. ಆ ಒಂದು ವರ್ಷಕ್ಕೆ ಮಾತ್ರ ಇಪ್ಪತ್ಮೂರರವರೆಗೆ ಸಡಿಲಿಸಿದ್ದರು. 'ಡಿಗ್ರಿ ಮುಗಿಸಿ ನೋಡು' ಎಂದು ಹೇಳುವ ಹಿರಿಯರು ಮಗ ಡಿಗ್ರಿ ಮುಗಿಸುವ ಹೊತ್ತಿಗೆ ಜವಾನನಾಗುವ ಬಾಗಿಲು ಮುಚ್ಚುತ್ತ ಬಂದಿರುತ್ತದೆ ಎಂಬುದನ್ನು ಮರೆಯುತ್ತಾರೆ. ಅವನ ಕೈಯಲ್ಲಿರುವುದು ಮೂರು-ನಾಲ್ಕು ಅವಕಾಶ, ಅಷ್ಟೇ. ಆನ್‌ಲೈನ್ ಪರೀಕ್ಷೆಯಲ್ಲೋ ಮೆಡಿಕಲ್‌ನಲ್ಲೋ ಒಂದೆರಡು ಕೈತಪ್ಪಿ ಹೋದರೆ ಉಳಿಯುವುದೆಷ್ಟು?

ಮೈ ತಯಾರಾಗುವುದೂ ಮೂರು ತಿಂಗಳ ಕೆಲಸವಲ್ಲ. ಭರ್ತಿಯ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ಹತ್ತು ಬೀಮ್ ಹೊಡೆದರೆ, ಅಂದರೆ ಕಂಬಿಗೆ ಜೋತು ಹತ್ತು ಸಲ ಮೈ ಮೇಲೆತ್ತಿದರೆ, 40. ಹೇಳುವಾಗ ಸುಲಭ. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ 82 ಸೆಕೆಂಡು, ಅದೂ ಎಡಬಲದಲ್ಲಿ ಮೊಣಕೈ ತಾಗಿಸುತ್ತ ಓಡುವ ಗುಂಪಿನ ನಡುವೆ. ಹುರುಪಿನಲ್ಲಿ ಮೊದಲ ಸುತ್ತು 70ಕ್ಕೆ ಮುಗಿಸಿದವನು ಮೂರನೇ ಸುತ್ತಿನಲ್ಲಿ ಸೊಂಟ ಹಿಡಿದು ನಿಂತಿರುತ್ತಾನೆ. ತನ್ನ ಉಸಿರಿನ ಅಳತೆ ತನಗೆ ಗೊತ್ತಾಗಲು ವರ್ಷ ಬೇಕು. ಹದಿನಾರಕ್ಕೆ ನಿಧಾನವಾಗಿ ಶುರು ಮಾಡಿದವನ ಮೊಣಕಾಲು ಉಳಿಯುತ್ತದೆ. ರ‍್ಯಾಲಿ ತಾರೀಖು ಗೊತ್ತಾದ ಮೇಲೆ ಶೂ ಕೊಳ್ಳುವವನದು ಉಳಿಯುವುದಿಲ್ಲ.

ಭರ್ತಿಯಾದರೆ ಸಾಲದೇ, ಪ್ಯಾರಾವೇ ಯಾಕೆ ಎಂದು ಕೇಳುತ್ತಾರೆ. ಗುರಿ ಅಲ್ಲಿದ್ದರೆ ಹುಡುಗ ಬೇರೇನನ್ನೋ ಕಲಿಯಲು ಹೊರಡುತ್ತಾನೆ. ನಮ್ಮ ಮೈದಾನಕ್ಕೆ ಬರುವ ಹುಡುಗರಲ್ಲಿ ಬರೀ ಭರ್ತಿಯ ಯೋಚನೆ ಇರುವವನು ಓಟ, ಬೀಮ್, ಒಂಬತ್ತು ಅಡಿ ಡಿಚ್ (ಹಳ್ಳ) ಜಿಗಿತ, ಇಷ್ಟಕ್ಕೇ ನಿಲ್ಲುತ್ತಾನೆ. ಪ್ಯಾರಾ ತಲೆಗೆ ಹತ್ತಿದವನು ಈಜು ಬರಬೇಕಲ್ಲ ಎಂದು ಬಾವಿಗೆ ಇಳಿಯುತ್ತಾನೆ, ನಕಾಶೆ ಓದುವುದು ಹೇಗೆಂದು ಕೇಳುತ್ತಾನೆ, ಹಿಂದಿ ಮಾತಾಡಲು ಹೆಣಗುತ್ತಾನೆ. 1971ರ ಡಿಸೆಂಬರ್ 11ರಂದು 2 ಪ್ಯಾರಾ ಪಲ್ಟನ್ ಬಾಂಗ್ಲಾದ ಟಾಂಗೈಲ್‌ನಲ್ಲಿ ಇಳಿದು ಪುಂಗ್ಲಿ ಸೇತುವೆ ಹಿಡಿದ ಕತೆಯನ್ನು ಹುಡುಗನೊಬ್ಬ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಗೆಳೆಯರಿಗೆ ವಿವರಿಸುತ್ತಿದ್ದ. ಇತಿಹಾಸದಲ್ಲಿ ಅವನ ಅಂಕ ಎಷ್ಟೆಂದು ನಾನು ಕೇಳಲಿಲ್ಲ.

ಆಯ್ಕೆ ಆಗದಿದ್ದರೆ? ಪ್ಯಾರಾಗೆ ಯಾರನ್ನೂ ಒತ್ತಾಯದಿಂದ ಕಳಿಸುವುದಿಲ್ಲ, ಎಲ್ಲರೂ ತಾವಾಗಿ ಮುಂದೆ ಬಂದವರೇ. ಬೆಂಗಳೂರಿನ ಪ್ಯಾರಾಶೂಟ್ ರೆಜಿಮೆಂಟ್ ತರಬೇತಿ ಕೇಂದ್ರದಿಂದ ಬಂದಿರಲಿ, ಬೇರೆ ಪಲ್ಟನ್‌ನಿಂದ ಬಂದಿರಲಿ, ಪ್ರೊಬೇಷನ್ ಎಂಬ ಪರೀಕ್ಷಾ ಅವಧಿ ದಾಟಲೇಬೇಕು. ಸ್ಪೆಷಲ್ ಫೋರ್ಸಸ್‌ನಲ್ಲಂತೂ ಅದು ತಿಂಗಳುಗಟ್ಟಲೆ ನಡೆಯುತ್ತದೆ: ಹೊರೆ ಹೊತ್ತು ರಾತ್ರಿ ನಡಿಗೆ, ನಿದ್ದೆಗೆಟ್ಟ ದಿನಗಳು, ಮೇಲಿಂದ ಬೈಗುಳ. ಆಫೀಸರ್‌ಗೂ ಜವಾನನಿಗೂ ಅಲ್ಲಿ ಒಂದೇ ಅಳತೆ. ಆಮೇಲೆ ಆಗ್ರಾದಲ್ಲಿ ಐದು ಪ್ಯಾರಾಶೂಟ್ ಜಿಗಿತ. ಹೆಚ್ಚಿನವರು ನಡುವೆಯೇ ವಾಪಸಾಗುತ್ತಾರೆ. ಹಾಗೆ ವಾಪಸಾದವನು ಊರಿಗೆ ಬರುವುದಿಲ್ಲ, ಸೈನಿಕನಾಗಿಯೇ ಉಳಿಯುತ್ತಾನೆ. ಕಾಲಾಳು ಪಲ್ಟನ್‌ಗಳಲ್ಲಿ ಮುನ್ನುಗ್ಗಿ ದಾಳಿ ಮಾಡುವ ಘಾತಕ್ ತುಕಡಿಗಳಿವೆ, ನಮ್ಮ ಬೆಳಗಾವಿಯಲ್ಲೇ ಸೇನೆಯ ಕಮಾಂಡೋ ತರಬೇತಿ ಶಾಲೆಯಿದೆ. ಇಂಥವನಿಗೆ ಅಲ್ಲೂ ಜಾಗ ಸಿಗಬಹುದು.

ಜೀವದ ಭಯದ ಬಗ್ಗೆ ನನ್ನಲ್ಲಿ ಸಮಾಧಾನದ ಮಾತಿಲ್ಲ. ಭಯ ಇದೆ. ತಾಯಿಗೆ ಅದು ಇರಬೇಕಾದ್ದೇ. ಆದರೆ ಅದನ್ನು ಅವನ ಓಟದ ಮೇಲೆ ಹಾಕಬೇಡಿ. ಹುಡುಗ ಸಹಿ ಹಾಕುವ ದಿನ ಇನ್ನೂ ದೂರವಿದೆ, ಅಷ್ಟರಲ್ಲಿ ಮನಸ್ಸು ಬದಲಾದರೆ ಓಡಿದ್ದರಿಂದ ನಷ್ಟವೇನು?

ವಿರೋಧ: ಓಡಲಿ, ಆದರೆ ಓದು ಬಿಟ್ಟು ಓಡುವುದು ಬೇಡ

ನಷ್ಟವೇನು ಎಂದು ಹವಾಲ್ದಾರರು ಕೇಳಿದ್ದಾರೆ. ನನ್ನ ಹಾಜರಿ ಪುಸ್ತಕದಲ್ಲಿ ಅದಕ್ಕೆ ಉತ್ತರವಿದೆ. ಅವರ ಮೈದಾನದಲ್ಲಿ ದುಡ್ಡು ತೆಗೆದುಕೊಳ್ಳದೆ ಕಲಿಸುವ ನಿವೃತ್ತರಿದ್ದಾರೆ, ನಿಜ. ಎಲ್ಲ ಮೈದಾನಗಳೂ ಹಾಗಿಲ್ಲ. ಊರೂರಿಗೆ ಎದ್ದಿರುವ ಭರ್ತಿ ಅಕಾಡೆಮಿಗಳು ಹಾಸ್ಟೆಲ್, ಊಟ, ಹಸಿರು ಚುಕ್ಕೆಯ ಟೀ ಶರ್ಟ್ ಎಲ್ಲ ಸೇರಿಸಿ ಫೀಸು ಹೇಳುತ್ತವೆ. ಬ್ಯಾನರ್ ತುಂಬ 'ಕಮಾಂಡೋ'. ದ್ವಿತೀಯ ಪಿಯುಗೆ ಹೆಸರು ಕಾಲೇಜಿನಲ್ಲಿ, ಹುಡುಗ ಅಲ್ಲಿ. "ಮೇಡಂ, ಪರೀಕ್ಷೆಗೆ ಹಾಲ್ ಟಿಕೆಟ್ ಕೊಡಸ್ರಿ, ಹಾಜರಿ ಒಂದೀಟು ನೋಡ್ರಿ" ಎಂದು ಜನವರಿಯಲ್ಲಿ ಅವ್ವ ಬಂದು ನಿಲ್ಲುತ್ತಾಳೆ. ಫೀಸು ಕಟ್ಟಲು ಎಮ್ಮೆ ಮಾರಿದ್ದೂ ಆಗಲೇ ತಿಳಿಯುವುದು.

ಮಾರುತ್ತಿರುವ ಆ ಹೆಸರಿನಲ್ಲೇ ಒಂದು ಮೋಸವಿದೆ. ಪಿಯುಸಿ ಹುಡುಗ ಸ್ಪೆಷಲ್ ಫೋರ್ಸಸ್‌ಗೆ ಎಂದು ಅರ್ಜಿ ಹಾಕಲು ಎಲ್ಲಿಯೂ ಕಿಟಕಿ ಇಲ್ಲ. ಅವನು ಅರ್ಜಿ ಹಾಕುವುದು ಅಗ್ನಿಪಥದ ಅಗ್ನಿವೀರ ಜಿ.ಡಿ. (ಜನರಲ್ ಡ್ಯೂಟಿ), ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ. ಪಡೆಯೊಳಗೆ ಹೋಗಿ ಸೈನಿಕನಾದ ಮೇಲಷ್ಟೇ ಉಳಿದದ್ದು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನೇ ನೋಡಿ. 2008ರ ನವೆಂಬರ್‌ನಲ್ಲಿ ತಾಜ್ ಹೋಟೆಲಿನಲ್ಲಿ ತೀರಿಕೊಂಡಾಗ ಅವರು ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ಪಡೆ) ಕಮಾಂಡೋ. ಆದರೆ 1999ರಲ್ಲಿ ಅವರು ಸೇರಿದ್ದು ಬಿಹಾರ ರೆಜಿಮೆಂಟಿನ 7ನೇ ಪಲ್ಟನ್‌ಗೆ. ಎನ್‌ಎಸ್‌ಜಿಗೆ ಬಂದದ್ದು 2007ರಲ್ಲಿ. ಅದಕ್ಕೂ ಮೊದಲಿನ ಏಳೆಂಟು ವರ್ಷವನ್ನು ಯಾವ ರೀಲ್ಸೂ ತೋರಿಸುವುದಿಲ್ಲ.

ಇನ್ನು, ಪ್ಯಾರಾ ಅಲ್ಲದ್ದೆಲ್ಲ ಎರಡನೇ ದರ್ಜೆ ಎಂಬ ಭಾವನೆ ಹುಡುಗರಲ್ಲಿ ಬೆಳೆಯುತ್ತಿರುವುದು ನನಗೆ ಹೆಚ್ಚು ಬೇಸರ ತರಿಸುತ್ತದೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಕ್ಕಿಕೊಂಡಿದ್ದವರು. ಜೀವಂತವಾಗಿ ಹೊರತೆಗೆದರು, 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಮದ್ರಾಸ್ ರೆಜಿಮೆಂಟಿನ ಸಾಮಾನ್ಯ ಜವಾನ. 'ಮದ್ರಾಸ್ ಸಿಕ್ಕರೆ ಹೋಗಲ್ಲ, ಪ್ಯಾರಾನೇ ಬೇಕು' ಎನ್ನುವ ಹುಡುಗನಿಗೆ ಇದನ್ನು ಹೇಳಿದರೆ ಸುಮ್ಮನಾಗುತ್ತಾನೆ. ಮರುದಿನ ಬಲಿದಾನ್ ಚಿಹ್ನೆಯ ಮೊಬೈಲ್ ಕವರ್ ಹಾಕಿಕೊಂಡೇ ಬರುತ್ತಾನೆ. ಸ್ಪೆಷಲ್ ಫೋರ್ಸಸ್‌ನವರು ಬೆವರು ಸುರಿಸಿ ಗಳಿಸುವ ಚಿಹ್ನೆ ಸಂತೆಯಲ್ಲಿ ಸಿಗುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. ಹವಾಲ್ದಾರರು ಇದನ್ನು ಮುಟ್ಟಲೇ ಇಲ್ಲ. ಅವರ ಕಾಲದಲ್ಲಿ ಪಿಂಚಣಿ ಇತ್ತು. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30 ಸಾವಿರ, ಕೈಗೆ ಬರುವುದು 21 ಸಾವಿರ, ನಾಲ್ಕನೇ ವರ್ಷ ಸಂಬಳ 40 ಸಾವಿರ. ನಾಲ್ಕು ವರ್ಷ ಮುಗಿಸಿ ಹೊರಬರುವಾಗ ಒಟ್ಟಿಗೆ ಕೊಡುವ ಸೇವಾ ನಿಧಿ ಬಡ್ಡಿ ಸಹಿತ ಸುಮಾರು 11.71 ಲಕ್ಷ ಎಂದು ಯೋಜನೆ ಪ್ರಕಟಿಸಿದಾಗ ಹೇಳಿದ್ದರು. ಪಿಂಚಣಿ ಇಲ್ಲ. ಸೇವೆಯಲ್ಲಿ ಮುಂದುವರಿಯುವವರು ನೂರಕ್ಕೆ 25ರವರೆಗೆ. ಉಳಿದ ಮೂರು ಪಾಲು ಹುಡುಗರು ಇಪ್ಪತ್ತೆರಡರ ಆಸುಪಾಸಿನಲ್ಲಿ ಮನೆಗೆ. ಸೇವೆಯಲ್ಲಿದ್ದೇ ಪಿಯುಸಿ ಸಮಾನ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ, ಅರೆಸೇನಾ ಪಡೆಗಳಲ್ಲಿ ಮೀಸಲಾತಿಯೂ ಇದೆ, ಒಪ್ಪುತ್ತೇನೆ. ಆದರೂ ಇಪ್ಪತ್ತೆರಡಕ್ಕೆ ಹೊಸದಾಗಿ ಶುರು ಮಾಡಬೇಕಾದವನ ಕೈಯಲ್ಲಿ ಸ್ವಂತ ಓದಿನ ಒಂದು ಪಿಯುಸಿ ಇದ್ದರೆ ತೂಕ ಬೇರೆ.

ಮೈಯ ಮಾತು ಅವರು ಚೆನ್ನಾಗಿ ಹೇಳಿದರು. ಆದರೆ ಎಲ್ಲ ಹುಡುಗರೂ ಅವರ ಮಾತು ಕೇಳಿ ನಿಧಾನವಾಗಿ ಓಡುವುದಿಲ್ಲ. ನನ್ನ ತರಗತಿಯ ಒಬ್ಬನ ಕಂಪಾಸ್ ಬಾಕ್ಸಿನಲ್ಲಿ ಕೈವಾರದ ಪಕ್ಕ ನೋವಿನ ಮಾತ್ರೆಯ ಹಾಳೆ ಇತ್ತು, ಅರ್ಧ ಖಾಲಿ. ಮುಂಗಾಲಿನ ಮೂಳೆ ಒತ್ತಿದರೆ ಹಾರಿ ಬೀಳುತ್ತಿದ್ದ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ, ವಾರಗಟ್ಟಲೆ ಓಡಬಾರದು ಎಂದರು ಡಾಕ್ಟರು. ಅವನ ಕೋಚು ಸುಣ್ಣದ ಗೆರೆಯ ಮೇಲೆ ನಿಂತು ಸ್ಟಾಪ್‌ವಾಚ್ ಒತ್ತುತ್ತಲೇ ಇದ್ದ. ಇನ್ನೂ ಕೆಟ್ಟದ್ದೆಂದರೆ ಎರಡು ವರ್ಷ ಓಡಿ, ಓಟದಲ್ಲಿ ಪಾಸಾಗಿ, ಮೆಡಿಕಲ್‌ನಲ್ಲಿ ಚಪ್ಪಟೆ ಪಾದ ಎಂದೋ, ಮೊಣಕಾಲು ತಾಗುತ್ತವೆ ಎಂದೋ, ಬಣ್ಣಗುರುಡು ಎಂದೋ ವಾಪಸಾಗುವುದು. ಅದನ್ನು ಮೊದಲ ವಾರವೇ ಡಾಕ್ಟರಿಗೆ ತೋರಿಸಿ ತಿಳಿದುಕೊಳ್ಳಬಹುದಿತ್ತು.

ಹದಿನೇಳು ಸಾಕಷ್ಟು ವಯಸ್ಸು ಎನ್ನುವವರಿಗೆ ಇನ್ನೊಂದು ಸಂಗತಿ. ಸಶಸ್ತ್ರ ಸಂಘರ್ಷದಲ್ಲಿ ಮಕ್ಕಳನ್ನು ತೊಡಗಿಸುವುದರ ಕುರಿತ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 2005ರಲ್ಲಿ ಅನುಮೋದಿಸಿತು. ಸೇನೆಗೆ ಸೇರಿದವರನ್ನು ಹದಿನೆಂಟು ತುಂಬಿದ ಮೇಲಷ್ಟೇ ಕಾರ್ಯಾಚರಣೆಯ ಪ್ರದೇಶಕ್ಕೆ ಕಳಿಸುತ್ತೇವೆ ಎಂದು ಆಗ ಬರೆದುಕೊಟ್ಟಿದೆ. ಸರ್ಕಾರವೇ ಕಾಯುತ್ತದೆ, ನಾವು ಒಂದು ವರ್ಷ ಕಾಯಬಾರದೇ?

ವಯಸ್ಸಿನ ಲೆಕ್ಕದಲ್ಲಿ ಹವಾಲ್ದಾರರು ಡಿಗ್ರಿಯನ್ನು ಮುಂದಿಟ್ಟರು. ಡಿಗ್ರಿ ಮುಗಿಸು ಎಂದು ನಾನೂ ಹೇಳುತ್ತಿಲ್ಲ. ಹದಿನೆಂಟಕ್ಕೆ ಪಿಯುಸಿ ಮುಗಿದರೆ ಅವರೇ ಹೇಳಿದ ಗೆರೆಗೆ ಇನ್ನೂ ಮೂರು ವರ್ಷವಿದೆ. ಅದರ ಜೊತೆ ಆಫೀಸರ್ ಆಗಲು ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ದಾರಿಯೂ ತೆರೆಯುತ್ತದೆ. ಆ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ದ್ವಿತೀಯ ಪಿಯು ಓದುತ್ತಿರುವಾಗಲೇ ಬರೆಯಬಹುದು, ಭೂಸೇನೆಯ ವಿಭಾಗಕ್ಕೆ ಕಲಾ ವಿಭಾಗದವರೂ ಅರ್ಹರು. ಲಿಖಿತದಲ್ಲಿ ಗಣಿತಕ್ಕೇ 300 ಅಂಕ, ನಮ್ಮ ಹುಡುಗರು ಬೀಳುವುದು ಅಲ್ಲೇ. ಮೈದಾನದಿಂದ ಏಳೂವರೆಗೆ ಬಿಟ್ಟರೆ ಒಂಬತ್ತರ ಗಣಿತದ ಪಿರಿಯಡ್ಡಿಗೆ ಹುಡುಗ ಮಿಂದು ಉಂಡು ಬರುತ್ತಾನೆ. ಅಷ್ಟು ಹೊತ್ತಿಗೆ ಬಿಡಿ ಎಂದು ಹವಾಲ್ದಾರರಿಗೆ ಹೇಳಿ ಕಳಿಸಿದ್ದೇನೆ.