ಗರಿ ಕಡ್ಡಿಯ ಪಾಪ

ತುಮಕೂರಲ್ಲಿ ಇದ್ದುಕೊಂಡು ಒಂದು ತೆಂಗಿನ ಗರಿಗೆ ಪರದಾಡಿದೆ ಅಂದರೆ ಯಾರೂ ನಂಬಲ್ಲ. ತಿಪಟೂರು ನಮ್ಮದೇ ಜಿಲ್ಲೆ. ತಲೆ ಎತ್ತಿದರೆ ತೆಂಗಿನ ಮರ. ಆದರೆ ನನಗೆ ಬೇಕಿದ್ದದ್ದು ಚರ್ಚಲ್ಲಿ ಮಂತ್ರಿಸಿದ ಗರಿ, ಅದೂ ಹೋದ ವರ್ಷದ್ದು.

2025ರ ಏಪ್ರಿಲ್ 13, ಗರಿಗಳ ಭಾನುವಾರ. ಚರ್ಚಲ್ಲಿ ಎಲ್ಲರ ಕೈಗೂ ಎಳೆ ಗರಿ ಕೊಟ್ಟಿದ್ದರು. ಅವತ್ತಿನ ಬಲಿಪೂಜೆಯಲ್ಲಿ ಯೇಸುಸ್ವಾಮಿಯ ಯಾತನೆಯ ವಾಚನ ಉದ್ದ. ನನ್ನ ದೊಡ್ಡವನು ಅಷ್ಟು ಹೊತ್ತು ಸುಮ್ನೆ ನಿಲ್ಲುತ್ತಾನಾ? ಗರಿ ಸುತ್ತಿ ಪೀಪಿ ಮಾಡಿದ. ಮಾಡಿ ಇಟ್ಟುಕೊಂಡಿದ್ದರೆ ಪರವಾಗಿರಲಿಲ್ಲ, ಊದಿಬಿಟ್ಟ. ಶಿಷ್ಯ ಪೇತ್ರ ಮೂರನೇ ಸಲ ತನ್ನ ಗುರು ಯೇಸುವನ್ನೇ ಗೊತ್ತಿಲ್ಲ ಅನ್ನೋ ಜಾಗ, ತಕ್ಷಣ ಕೋಳಿ ಕೂಗಬೇಕು. ಕೋಳಿ ಕೂಗುವ ಮುಂಚೆ ನಮ್ಮನೆ ಪೀಪಿ ಕೂಗಿತು. ಮುಂದಿನ ಸಾಲಿನವರು ತಿರುಗಿ ನೋಡಿದಾಗ ನಾನೂ ಪೇತ್ರನ ಹಾಗೆ, ಈ ಹುಡುಗ ಯಾರೋ ಏನೋ ಅನ್ನೋ ಮುಖ ಮಾಡಿದೆ.

ಚಿಕ್ಕವಳು ಮಾತ್ರ ತನ್ನ ಗರಿಯನ್ನು ಮಗು ಎತ್ತಿಕೊಂಡ ಹಾಗೆ ಮನೆತನಕ ತಂದಳು. ಯೇಸುಸ್ವಾಮಿ ಪಟದ ಹಿಂದೆ ಸಿಕ್ಕಿಸಿದೆವು. ಒಣಗಿ ಕಂದು ಬಣ್ಣಕ್ಕೆ ತಿರುಗಿತು. ನಾನಂತೂ ಮರೆತೇಬಿಟ್ಟಿದ್ದೆ.

ಈ ವರ್ಷ ಫೆಬ್ರುವರಿ 18ಕ್ಕೆ ಬೂದಿ ಬುಧವಾರ. ಹಳೇ ಗರಿ ಸುಟ್ಟ ಬೂದಿಯನ್ನೇ ಅವತ್ತು ತಲೆಗೆ, ಹಣೆಗೆ ಹಚ್ಚೋದು. ಮನೇಲಿರೋ ಗರಿ ತಂದುಕೊಡಿ ಅಂತ ಫಾದರ್ ಹೇಳಿದ್ದೇ ತಡ, ಚಿಕ್ಕವಳು ಮನೆಗೆ ಬಂದವಳೇ ಚಪ್ಪಲಿ ಬಿಚ್ಚದೆ ಪಟದ ಹಿಂದೆ ಕೈ ಹಾಕಿದಳು. ಸಿಕ್ಕಿದ್ದು ಒಂದು ಹಲ್ಲಿ ಮೊಟ್ಟೆ.

ಮಂಚದ ಕೆಳಗೆ, ಬೀರು ಮೇಲೆ, ಕ್ರಿಸ್‌ಮಸ್ ಗೋದಲಿ ಸಾಮಾನಿನ ಡಬ್ಬದೊಳಗೆಲ್ಲ ಹುಡುಕಿದೆವು. ಅರ್ಧ ಗಂಟೆ ಆದ ಮೇಲೆ ದೊಡ್ಡವನು ಟಿವಿ ಕಡೆಯಿಂದ ಮುಖ ತಿರುಗಿಸದೇ ಅಂದ, "ಕ್ರಿಸ್‌ಮಸ್ ಹಿಂದಿನ ದಿನ ಅಪ್ಪ ಅದನ್ನ ಒಲೆಗೆ ಚುಚ್ತಾ ಇದ್ರು."

ಹೌದು, ನೆನಪಾಯಿತು. ಹಾಲು ಉಕ್ಕಿ ಬರ್ನರ್‌ನ ತೂತೆಲ್ಲ ಕಟ್ಟಿಕೊಂಡಿತ್ತು. ನನ್ನವಳು ಕ್ರಿಸ್‌ಮಸ್ ತಿಂಡಿ ಕಲ್ಕಲ್ ಕರಿಯಲು ಎಣ್ಣೆ ಇಡಬೇಕು, ಉರಿ ಅರ್ಧಕ್ಕರ್ಧ ಬರುತ್ತಿದೆ. ಪಿನ್ನು ಸಿಗಲಿಲ್ಲ. ಪೊರಕೆ ಕಡ್ಡಿ ಅಡುಗೆಮನೆಗೆ ಯಾಕೆ, ಶುದ್ಧವಾದದ್ದೇ ಇರಲಿ ಅಂತ ಗರಿ ಸೀಳಿ ಕಡ್ಡಿ ತೆಗೆದಿದ್ದೆ. ಒಂದೊಂದೇ ತೂತು ಬಿಡಿಸಿದೆ. ಉರಿ ನೀಲಿಯಾಗಿ ಬಂತು. ಅವತ್ತು ಹೊಗಳಿಸಿಕೊಂಡೂ ಇದ್ದೆ.

ಚಿಕ್ಕವಳು ಅಳಲಿಲ್ಲ. ಅತ್ತಿದ್ದರೆ ಒಂದು ಚಾಕೊಲೇಟಲ್ಲಿ ಮುಗಿಯುತ್ತಿತ್ತು. "ಅಪ್ಪಾ, ಇದನ್ನ ಫಾದರ್ ಹತ್ರ ಪಾಪನಿವೇದನೆ ಮಾಡ್ಬೇಕು" ಅಂದಳು. ದೊಡ್ಡವನಿಗೆ ಈ ವರ್ಷ ಪ್ರಥಮ ಪರಮಪ್ರಸಾದ, ಅಂದರೆ ಫಸ್ಟ್ ಕಮ್ಯುನಿಯನ್. ಭಾನುವಾರದ ಧರ್ಮೋಪದೇಶ ಕ್ಲಾಸಲ್ಲಿ ಕಲಿತದ್ದೆಲ್ಲ ತುದಿ ನಾಲಿಗೆ ಮೇಲಿದೆ. "ಎಷ್ಟು ಸಲ ಅಂತಾನೂ ಹೇಳ್ಬೇಕು. ಎರಡು ಬರ್ನರ್, ಅಂದ್ರೆ ಎರಡು ಸಲ" ಅಂತ ಲೆಕ್ಕ ಕೊಟ್ಟ.

ಪಕ್ಕದ ಮನೆ ಅಜ್ಜಿ ಲಿಂಗಾಯತರು. ದಿನಾ ಬೆಳಗ್ಗೆ ಹಣೆಗೆ ಮೂರು ಬೆರಳಿನ ವಿಭೂತಿ. 'ಅಜ್ಜಿಗೆ ದಿನಾ ಬೂದಿ ಬುಧವಾರ' ಅಂತ ಚಿಕ್ಕವಳು ಬಹಳ ದಿನ ನಂಬಿದ್ದಳು. ಗಲಾಟೆ ಕೇಳಿ ಅಜ್ಜಿ ಬಂದರು. "ನಮ್ಮ ಹಿತ್ಲು ಮರದಾಗೆ ಬೇಕಾದಷ್ಟು ಗರಿ ಐತೆ ಮಗಾ. ಬೂದಿನೇ ಬೇಕಂದ್ರೆ ವಿಭೂತಿ ಗಟ್ಟಿನೇ ಕೊಡ್ತೀನಿ." ಚಿಕ್ಕವಳು ಗಂಭೀರವಾಗಿ ತಲೆ ಆಡಿಸಿದಳು. "ನಿಮ್ದು ಸಗಣಿದು ಅಜ್ಜಿ, ನಮ್ದು ಗರಿದು. ಮಂತ್ರಿಸಿರ್ಬೇಕು." ಅಜ್ಜಿ ನನ್ನ ಮುಖ ನೋಡಿದರು. ನಾನು ಒಲೆ ನೋಡಿದೆ.

ಭಾನುವಾರ ಶಿವರಾತ್ರಿ, ಅಜ್ಜಿ ಉಪವಾಸ. ಬುಧವಾರ ನಮ್ಮದು. ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತರವರೆಗಿನವರು ಅವತ್ತು ಒಂದೇ ಪೂರ್ತಿ ಊಟ ಮಾಡಬೇಕು, ಜೊತೆಗೆ ಬೇಕಿದ್ದರೆ ಎರಡು ಸಣ್ಣ ಊಟ. ಮಕ್ಕಳಿಗೆ ಈ ಉಪವಾಸ ಇಲ್ಲ. ಹಾಗಾಗಿ ಅವರಿಗೆ ಕಾವಲು ಕಾಯಲು ಪೂರ್ತಿ ಬಿಡುವು. ನಾನು ಕ್ಯಾತ್ಸಂದ್ರದಿಂದ ಕಟ್ಟಿಸಿಕೊಂಡು ಬಂದ ತಟ್ಟೆ ಇಡ್ಲಿ ಬಿಚ್ಚುವಾಗಲೇ ವಿಚಾರಣೆ. ಒಂದು ತಟ್ಟೆ ಇಡ್ಲಿ ಸಣ್ಣ ಊಟವಾ, ದೊಡ್ಡದಾ? ಎರಡು ತಂದಿದ್ದೆ. ಒಂದು ಅವರ ಪಾಲಾಯಿತು.

ಬೂದಿ ಬುಧವಾರದಿಂದ ಶುರುವಾಗೋ ತಪಸ್ಸುಕಾಲ ನಲವತ್ತು ದಿನ ಅಂತಾರಲ್ಲ, ದೊಡ್ಡವನು ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿದ. ಏಪ್ರಿಲ್ 5ರ ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ದಿನದವರೆಗೆ ನಲವತ್ತಾರು. "ಫಾದರ್‌ಗೆ ಲೆಕ್ಕ ಬರಲ್ಲ" ಅಂದ. ಆರು ಭಾನುವಾರ ಲೆಕ್ಕಕ್ಕಿಲ್ಲ ಕಣೋ ಅಂತ ಹೇಳಿದ್ದು ನನ್ನದೇ ತಪ್ಪು. ತಪಸ್ಸುಕಾಲಕ್ಕೆ ಅಂತ ಚಾಕೊಲೇಟ್ ಬಿಟ್ಟಿದ್ದ ಚಿಕ್ಕವಳು ಆರು ಭಾನುವಾರಕ್ಕೂ ಅಲ್ಲೇ ಮುಂಗಡ ಬುಕ್ ಮಾಡಿದಳು.

ಸಾಯಂಕಾಲ ಚರ್ಚಲ್ಲಿ ಸಾಲು. ಮುಂದೆ ಚಿಕ್ಕವಳು, ಹಿಂದೆ ನಾನು. ಫಾದರ್ ಬೂದಿ ಬಟ್ಟಲಲ್ಲಿ ಹೆಬ್ಬೆರಳು ಅದ್ದಿ ಅವಳ ಹಣೆಗೆ ಶಿಲುಬೆ ಎಳೆದರು. ಅವಳು ಸರಿದು ಹೋಗಲಿಲ್ಲ. ಬಟ್ಟಲೊಳಗೆ ಇಣುಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಫಾದರ್, ಇದ್ರಲ್ಲಿ ನಮ್ಮ ಗರಿ ಇಲ್ಲ. ಅಪ್ಪ ಅದ್ರಲ್ಲಿ ಒಲೆ ಕ್ಲೀನ್ ಮಾಡಿದ್ರು."

ಫಾದರ್ ಹೆಬ್ಬೆರಳು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಇನ್ನೊಂದು ಸಲ ಬಟ್ಟಲಿಗಿಳಿದು ನನ್ನ ಹಣೆಗೆ ಬಂತು.

ಮನೆಗೆ ಬಂದಾಗ ಅಜ್ಜಿ ಜಗಲಿ ಮೇಲೆ ಕೂತಿದ್ದರು. "ಏನಪ್ಪಾ, ನಿಂಗೊಬ್ಬನ್ಗೆ ಇಷ್ಟು ಜಾಸ್ತಿ ಬಳ್ದವ್ರಲ್ಲ?"

"ಎರಡು ಬರ್ನರ್ ಅಜ್ಜಿ" ಅಂದಳು ಚಿಕ್ಕವಳು.