ಕೆಸರು ನೋಡಲು ಒಡಿಶಾಕ್ಕೆ ಹೋದ ಕಥೆ

"ಕೆಸರ ನೋಡ್ಲಿಕ್ಕೆ ಇಷ್ಟ ದೂರ ಬಂದೀವೇನ್ರೀ?" ಅಂದಳು ನನ್ನ ಹೆಂಡತಿ. ತಪ್ಪೇನಿಲ್ಲ. ಕಲಬುರಗಿಯಲ್ಲಿ ಕೋನಾರ್ಕ್ ಎಕ್ಸ್‌ಪ್ರೆಸ್ ಹತ್ತಿ, ಒಂದು ದಿನಕ್ಕೂ ಜಾಸ್ತಿ ಕೂತು ಭುವನೇಶ್ವರದಲ್ಲಿ ಇಳಿದು, ಮರುದಿನ ನಸುಕಿನಲ್ಲಿ ಮಂಗಳಾಜೋಡಿ ಅನ್ನೋ ಊರಿನ ದಂಡೆಗೆ ಬಂದು ನಿಂತರೆ ಎದುರಿಗೆ ಬರೀ ಜೊಂಡು, ಮಂಜು, ಕಪ್ಪು ನೀರು. ಚಿಲಿಕಾ ಸರೋವರದ ಉತ್ತರದ ಅಂಚು ಅದು. ಡಿಸೆಂಬರ್ ಚಳಿ ಬೇರೆ. ರೊಟ್ಟಿ, ಶೇಂಗಾ ಹಿಂಡಿಯ ಗಂಟು ತೊಡೆ ಮೇಲಿಟ್ಟುಕೊಂಡು ದೋಣಿಯಲ್ಲಿ ಕೂತೆವು.

ದೋಣಿಗೆ ಇಂಜಿನ್ ಇಲ್ಲ. ಒಬ್ಬ ಹಿಂದೆ ನಿಂತು ಬಿದಿರಿನ ಗಳ ಊರಿ ತಳ್ಳುತ್ತಾನೆ, ಇನ್ನೊಬ್ಬ ಮುಂದೆ ಕೂತು ಹಕ್ಕಿ ತೋರಿಸುತ್ತಾನೆ. ಗಳ ಮೇಲೆ ಬಂದಾಗ ತುದಿಗೆ ಕರಿ ಕೆಸರು, ನೀರಲ್ಲಿ ನಾಲ್ಕು ಗುಳ್ಳೆ. ಅಷ್ಟೇ ಸದ್ದು. ಅದಕ್ಕೇ ಹಕ್ಕಿಗಳು ಹಾರಿ ಹೋಗುವುದಿಲ್ಲ. ಹತ್ತು ಮಾರು ದೂರದಲ್ಲಿ ಬಾಯ್ಕಳಕ ಕೊಕ್ಕರೆಯೊಂದು ಬಸವನಹುಳುವನ್ನು ಕೆಸರಿಗೆ ಒತ್ತಿ ಹಿಡಿದು, ಕೊಕ್ಕಿನ ತುದಿ ತೂರಿಸಿ, ಚಿಪ್ಪು ಒಡೆಯದೆ ಒಳಗಿನ ಮಾಂಸ ಮಾತ್ರ ಎಳೆದು ತಿಂದಿತು. ಕೆಸರಿನ ಬಗ್ಗೆ ತಕರಾರು ಮಾಡಿದವಳು ಮುರಿದ ರೊಟ್ಟಿ ಕೈಯಲ್ಲೇ ಹಿಡಿದು ಕೂತುಬಿಟ್ಟಿದ್ದಳು.

ನಮ್ಮ ಗೈಡ್ ಮೊದಲು ಬೇಟೆಗಾರ. ಆ ಊರಲ್ಲಿ ಇವರೊಬ್ಬರೇ ಅಲ್ಲ, ಬಲೆ, ವಿಷ, ಬಂದೂಕು ಹಿಡಿದು ಇದೇ ಹಕ್ಕಿಗಳನ್ನು ಕೊಂದು ಮಾರುತ್ತಿದ್ದವರು ಬಹಳ ಜನ. 2000ರ ಸುಮಾರಿಗೆ ಅವರೇ ಒಂದು ಸಮಿತಿ ಕಟ್ಟಿ ಕಾಯೋಕೆ ನಿಂತರು. ಅವರ ಒಡಿಯಾ ಹಿಂದಿ, ನಮ್ಮ ಕಲಬುರಗಿ ಹಿಂದಿ, ಹೇಗೋ ಮಾತು ನಡೆಯಿತು. ಸೂಜಿಬಾಲದ ಬಾತುಗಳ ಗುಂಪು ತೋರಿಸಿ, "ಆಗ ಇದಕ್ಕೆ ಒಳ್ಳೇ ರೇಟು ಇತ್ತು" ಅಂದು ನಕ್ಕರು. ಜೊಂಡಿನ ಹಿಂದೆ ಕಾಣದ ಹಕ್ಕಿಯನ್ನೂ ಬರೀ ಕೂಗಿನ ಮೇಲೆ ಇಂಥದ್ದೇ ಅಂತ ಹೇಳುತ್ತಿದ್ದರು. ಕೊಲ್ಲೋಕೆ ಕಲಿತ ವಿದ್ಯೆ ಅದು.

ವಾಪಸ್ ಬರುವಾಗ ರೈಲಲ್ಲಿ ನನಗೆ ಬೋನಾಳದ್ದೇ ಯೋಚನೆ. ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಬೋನಾಳ ಪಕ್ಷಿಧಾಮ. ಸುರಪುರ ನಾಯಕರ ಕಾಲದ ಕೆರೆ, ಆಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಕೆಲಸ ಮಾಡಿಸಿದ್ದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹೋದ ವರ್ಷ ಏರಿ ಮೇಲೆ ನಿಂತು ನೋಡಿದ್ದೆ, ದೂರದಲ್ಲಿ ಸಾಸಿವೆ ಚೆಲ್ಲಿದಂತೆ ಕಂಡವು, ಅಷ್ಟೇ.

ಬೋನಾಳದಲ್ಲೂ ಮಂಗಳಾಜೋಡಿಯಂಥ ಗಳದ ದೋಣಿ ಬರಲಿ ಅನ್ನೋದು ನನ್ನ ಆಸೆ. ಅಲ್ಲಿನ ನೀರು, ಜೊಂಡು, ಹಕ್ಕಿ ಹೆಚ್ಚು ಗೊತ್ತಿರೋದು ಸುತ್ತಲಿನ ಮೀನುಗಾರರಿಗೆ. ಅವರ ಕೈಗೇ ಗಳ ಕೊಡಿ, ದಿನಕ್ಕೆ ನಾಲ್ಕೇ ದೋಣಿ ಬಿಡಿ, ಹೆಬ್ಬಾತು ಕೂರುವ ಕಡೆ ಬಿಟ್ಟು ಅಂಚಿನಲ್ಲಷ್ಟೇ ಸುತ್ತಲಿ. ಬೋಟಿಂಗ್ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ಹಂಸದ ಆಕಾರದ ಪೆಡಲ್ ಬೋಟು, ಇಲ್ಲವಾದರೆ ಭರ್ ಅನ್ನೋ ಮೋಟರ್ ಬೋಟು. ಅದು ಬರೋದಾದರೆ ಏನೂ ಬೇಡ ಮಾರಾಯ್ರೆ, ಏರಿ ಮೇಲೇ ನಿಂತು ಸಾಸಿವೆ ನೋಡ್ತೀವಿ.

ಜನವರಿ ಎರಡನೇ ಭಾನುವಾರ ನಸುಕಿಗೇ ಬೋನಾಳಕ್ಕೆ ಹೊರಟಿದ್ದೇನೆ. ದುರ್ಬೀನು ಇದ್ದವರು ಜೊತೆಗೆ ಬನ್ನಿ. ಬ್ಲೂಟೂತ್ ಸ್ಪೀಕರ್ ಇದ್ದವರು ಮಲಗಿ.